ಕಬ್ಬಿನ ಗ್ಯಾಂಗಿನ ತಾಂಡಾಗಳಲ್ಲಿ ಸಂಘ ಕಟ್ಟಿದ ಬಗೆ: ನನ್ನ ಅನುಭವ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ತಾಂಡಾಗಳಲ್ಲಿ, ಅಂದರೆ ಲಂಬಾಣಿಗರ ಹಟ್ಟಿಗಳಲ್ಲಿ, ಮಹಿಳಾ ಸ್ವಸಹಾಯ ಸಂಘಗಳನ್ನು ಕಟ್ಟಲು ಹೊರಟಾಗ ನಮ್ಮ ಸಂಸ್ಥೆ ಹೊಸ ಮಾದರಿಯನ್ನೇನೂ ಹುಡುಕಲಿಲ್ಲ. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ರೂಪಿಸಿದ್ದ ಕ್ರಮವನ್ನೇ ಹಿಡಿದೆವು. ಅದಕ್ಕೆ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1987ರಲ್ಲಿ 10 ಲಕ್ಷ ರೂಪಾಯಿ ಅನುದಾನ ನೀಡಿತ್ತು. 1992ರಲ್ಲಿ ಅದೇ ನಬಾರ್ಡ್ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗವನ್ನು ಕೈಗೊಂಡಿತು. ನೋಂದಣಿಯಿಲ್ಲದ ಗುಂಪು ತನ್ನ ಹೆಸರಿನಲ್ಲಿಯೇ ಖಾತೆ ತೆರೆದು ಅಡವಿಲ್ಲದೆ ಸಾಲ ಪಡೆಯಬಹುದೆಂಬ ಆ ಒಂದು ನಿಯಮ ಮಾಡಿದಷ್ಟು ಕೆಲಸವನ್ನು ನೂರು ಸಂಸ್ಥೆಗಳು ಸೇರಿದರೂ ಮಾಡಲಾಗುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ನಮ್ಮಲ್ಲಿನ ತೊಡಕು ಬೇರೆಯದಾಗಿತ್ತು. ದೀಪಾವಳಿಯ ಹೊತ್ತಿಗೆ ಗಂಡ-ಹೆಂಡಿರು ಜೋಡಿಯಾಗಿ ಕಬ್ಬಿನ ಗ್ಯಾಂಗಿನಲ್ಲಿ, ಅಂದರೆ ಕಬ್ಬು ಕಡಿಯುವ ಕೂಲಿಯವರ ತಂಡದಲ್ಲಿ, ಮಹಾರಾಷ್ಟ್ರಕ್ಕೋ ಬಾಗಲಕೋಟೆ, ಬೆಳಗಾವಿಯ ಕಾರ್ಖಾನೆಗಳ ಕಡೆಗೋ ಹೊರಟರೆ ತಾಂಡಾದಲ್ಲಿ ಮುದುಕರು ಮತ್ತು ಮಕ್ಕಳು ಮಾತ್ರ ಉಳಿಯುತ್ತಾರೆ. ವಾರದ ಸಭೆ ಯಾರಿಗಾಗಿ ನಡೆಯಬೇಕು? ಆದ್ದರಿಂದ ಒಂದೇ ಗ್ಯಾಂಗಿನಲ್ಲಿರುವ ಸದಸ್ಯೆಯರು ಕಬ್ಬಿನ ಗದ್ದೆಯ ಗುಡಿಸಲಿನಲ್ಲಿಯೇ ಕುಳಿತು ಉಳಿತಾಯವನ್ನು ಸಣ್ಣ ವಹಿಯಲ್ಲಿ ಬರೆದಿಡುವುದು, ಯುಗಾದಿಯ ಸುಮಾರಿಗೆ ಮರಳಿದ ಮೇಲೆ ಅದನ್ನು ಸಂಘದ ಪುಸ್ತಕಕ್ಕೆ ಏರಿಸುವುದು ಎಂದು ಠರಾವು ಮಾಡಿಸಿದೆವು. ಇದಕ್ಕಿಂತ ಮುಖ್ಯವಾದದ್ದು ಸಾಲದ ಕಾಲ. ದವಾಖಾನೆ, ಮದುವೆ, ಬಿತ್ತನೆಯ ಖರ್ಚಿಗೆಂದು ಮಳೆಗಾಲದಲ್ಲಿ ಗ್ಯಾಂಗಿನ ಮುಖಂಡನಿಂದ ಪಡೆದ ಮುಂಗಡವೇ ಮುಂದಿನ ಹಂಗಾಮಿನ ದುಡಿಮೆಯನ್ನು ಕಟ್ಟಿಹಾಕುತ್ತದೆ. ಹೀಗಾಗಿ ಸದಸ್ಯೆಯರ ಉಳಿತಾಯದಿಂದಲೇ ಕೊಡುವ ಸಂಘದ ಒಳಸಾಲವು ಜೂನ್‌ ತಿಂಗಳಿನಲ್ಲಿಯೇ ಕೈಗೆ ಸಿಗುವಂತೆ ನೋಡಿಕೊಂಡೆವು. ಹೊಲಿಗೆ ತರಬೇತಿಯಂತಹ ಕೆಲಸಗಳನ್ನು ಬದಿಗಿಟ್ಟೆವು.

ಅಕ್ಕಪಕ್ಕದ ತಾಂಡಾಗಳಿಗೆ ಸಂಘಗಳು ಹಬ್ಬಿದ್ದು ನಮ್ಮ ಸಿಬ್ಬಂದಿಯಿಂದಲ್ಲ, ಸಂಘದ ಲೆಕ್ಕದ ಪುಸ್ತಕ ಬರೆಯುವ ಹೆಣ್ಣುಮಕ್ಕಳಿಂದ. ಎಸ್ಸೆಸ್ಸೆಲ್ಸಿ ಓದಿದ ಸೊಸೆಯೊಬ್ಬಳು ಉಳಿತಾಯ, ಸಾಲ, ಬಡ್ಡಿ, ಬಾಕಿ ಎಂದು ಗೆರೆ ಎಳೆದು ಬರೆದುಕೊಂಡು, ಸಭೆ ಮುಗಿಯುವ ಮೊದಲು ಪ್ರತಿಯೊಬ್ಬರ ಲೆಕ್ಕವನ್ನೂ ಗಟ್ಟಿಯಾಗಿ ಓದುತ್ತಾಳೆ. ಅಕ್ಷರ ಬಾರದ ಹಿರಿಯರು ಬೆರಳ ಗೆಣ್ಣಿನ ಮೇಲೆ ಎಣಿಸಿಕೊಂಡಿದ್ದ ಲೆಕ್ಕಕ್ಕೆ ಅದು ತಾಳೆಯಾಗದಿದ್ದರೆ ಅಲ್ಲಿಯೇ ತಡೆಯುತ್ತಾರೆ. ಅವಳ ಸಂಭಾವನೆಯನ್ನು ಬಡ್ಡಿಯ ಆದಾಯದಿಂದ ಸಂಘವೇ ಕೊಡುತ್ತದೆ. ಸಂಸ್ಥೆಯ ಅನುದಾನ ಮುಗಿದರೂ ಈ ಖರ್ಚು ನಿಲ್ಲುವುದಿಲ್ಲ. ಪಕ್ಕದ ತಾಂಡಾದವರಿಗೆ ಲೆಕ್ಕ ಕಲಿಸುವವಳೂ ಅವಳೇ. ನಾವು ಕಲಿಸಿದ್ದಕ್ಕಿಂತ ಲಂಬಾಣಿಯಲ್ಲಿ ಅವಳು ಹೇಳಿದ್ದು ಬೇಗ ನಾಟುತ್ತದೆ.

2011ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನವು ಕರ್ನಾಟಕದಲ್ಲಿ ಸಂಜೀವಿನಿ ಎಂಬ ಹೆಸರಿನಿಂದ ನಡೆಯುತ್ತಿದ್ದು, ನಮ್ಮ ಸಂಘಗಳೂ ಪಂಚಾಯಿತಿ ಮಟ್ಟದ ಒಕ್ಕೂಟಗಳನ್ನು ಸೇರಿವೆ. ಹಣ ಹೆಚ್ಚಿತು, ವ್ಯಾಪ್ತಿ ಹೆಚ್ಚಿತು. ಜೊತೆಗೆ ಮಾರ್ಚ್‌ ಒಳಗೆ ಇಷ್ಟು ಸಂಘಗಳಾಗಬೇಕೆಂಬ ಗುರಿಯೂ ಬಂದಿತು. ಕೆಲವು ತಿಂಗಳು ಉಳಿತಾಯ ಮಾಡಿ ತಮ್ಮದೇ ಹಣವನ್ನು ತಾವೇ ಸಾಲವಾಗಿ ಕೊಟ್ಟು ವಸೂಲು ಮಾಡಿ ನೋಡದ ಗುಂಪಿಗೆ ಬ್ಯಾಂಕಿನ ಸಾಲ ಬಂದರೆ, ಅದನ್ನು ಸಮನಾಗಿ ಹಂಚಿಕೊಂಡು ಎದ್ದುಹೋಗುವುದನ್ನು ಕಂಡಿದ್ದೇನೆ. ಅದಕ್ಕಾಗಿಯೇ ಹೊಸ ತಾಂಡಾಕ್ಕೆ ಹೋದಾಗ ಪುಸ್ತಕ ಬರೆಯುವವರು ಯಾರೆಂದು ಮೊದಲು ಕೇಳುತ್ತೇವೆ. ಯಾರೂ ಮುಂದೆ ಬರದಿದ್ದರೆ ಗ್ಯಾಂಗುಗಳು ಮತ್ತೊಮ್ಮೆ ಮರಳುವವರೆಗೆ ಕಾಯುತ್ತೇವೆ.