ಬೆರಕೆ ನಾಯಿಯ ಡಿಎನ್‌ಎ ವರದಿಯನ್ನು ಓದುವುದು ಹೇಗೆ?

ಅಮೆರಿಕದ ಪ್ರಾಣಿ ಆಶ್ರಯಕೇಂದ್ರಗಳಲ್ಲಿ ನಾಯಿಯ ಹೆಸರಿನ ಮುಂದೆ ಬರೆದಿರುವ ತಳಿ ಹೆಚ್ಚಾಗಿ ಮೈಕಟ್ಟು ನೋಡಿ ಮಾಡಿದ ಅಂದಾಜು. ನಿಜ ತಿಳಿಯಬೇಕೆಂದು ಸಾಕಿದವರು ಎಂಬಾರ್ಕ್ ಅಥವಾ ವಿಸ್ಡಮ್ ಪ್ಯಾನೆಲ್ ಕಂಪನಿಯ ಡಿಎನ್‌ಎ ಪರೀಕ್ಷೆಯ ಕಿಟ್ ತರಿಸುತ್ತಾರೆ. ನಾಯಿಯ ಕೆನ್ನೆಯ ಒಳಭಾಗಕ್ಕೂ ಒಸಡಿಗೂ ನಡುವೆ ಕಡ್ಡಿಯ ತುದಿಯನ್ನಿಟ್ಟು, ಅದು ಜೊಲ್ಲಿನಲ್ಲಿ ಚೆನ್ನಾಗಿ ನೆನೆಯುವವರೆಗೆ ಹೊರಳಿಸಬೇಕು. ಊಟವಾದ ಕೂಡಲೇ ಮಾದರಿ ತೆಗೆಯಬಾರದು.

ವರದಿ ಬಂದಾಗ ಕಣ್ಣು ಹೋಗುವುದು ತಳಿಗಳ ಪಟ್ಟಿಗೆ. ಆದರೆ ಆರೋಗ್ಯದ ವಿಭಾಗವಿದ್ದರೆ ಅದನ್ನೇ ಮೊದಲು ತೆರೆದು, ಎಂಡಿಆರ್1 ಎಂಬ ಸಾಲನ್ನು ಹುಡುಕಿ. ಕೆಲವು ಔಷಧಗಳು ಮಿದುಳಿಗೆ ಸೇರದಂತೆ ತಡೆಯುವ ಜೀನು ಅದು. ಕೋಲಿ, ಆಸ್ಟ್ರೇಲಿಯನ್ ಶೆಫರ್ಡ್ ವಂಶದಲ್ಲಿ ಹೆಚ್ಚಾಗಿ ಕಾಣುವ ಈ ಜೀನಿನ ದೋಷವಿದ್ದರೆ, ಭೇದಿಗೆ ಕೊಡುವ ಲೋಪೆರಮೈಡ್, ಪರಜೀವಿಗಳ ವಿರುದ್ಧ ಕೊಡುವ ಹೆಚ್ಚಿನ ಪ್ರಮಾಣದ ಐವರ್‌ಮೆಕ್ಟಿನ್‌ನಂತಹ ಔಷಧಗಳು ಮಿದುಳಿನಲ್ಲಿ ಶೇಖರವಾಗಿ ತೂರಾಟ, ನಡುಕ, ಕೆಲವೊಮ್ಮೆ ಸಾವನ್ನೂ ತರಬಲ್ಲವು. ಈ ಒಂದು ಸಾಲನ್ನು ಪಶುವೈದ್ಯರ ಕಡತದಲ್ಲಿ ಬರೆಸಿದರೂ ಪರೀಕ್ಷೆಗೆ ಕೊಟ್ಟ ಹಣ ಸಾರ್ಥಕ.

ಆಮೇಲೆ ಶೇಕಡಾವಾರು. ಮರಿಯ ಡಿಎನ್‌ಎ ತಾಯಿತಂದೆಯರಿಂದ ಅರ್ಧರ್ಧ ಬರುತ್ತದೆ. ಒಬ್ಬೊಬ್ಬ ಅಜ್ಜ ಅಥವಾ ಅಜ್ಜಿಯ ಪಾಲು ಸರಾಸರಿ ಶೇ 25. ಆದರೆ ವರ್ಣತಂತುಗಳು ಪ್ರತಿ ತಲೆಮಾರಿನಲ್ಲೂ ಕಲೆತು ಮರುಜೋಡಣೆಯಾಗುವುದರಿಂದ ಅದು ಒಂದಿಷ್ಟು ಮೇಲೆ ಕೆಳಗೆ ಆಗಬಹುದು. ಹೀಗಾಗಿ ಶೇ 25 ಬೀಗಲ್ ಎಂದರೆ ಒಬ್ಬ ಅಜ್ಜ ಅಪ್ಪಟ ಬೀಗಲ್ ಆಗಿದ್ದಿರಬಹುದು, ಇಲ್ಲವೇ ಅದೇ ಪಾಲು ಇಬ್ಬರು ಮುತ್ತಜ್ಜರಿಂದ ಕೂಡಿಬಂದಿರಬಹುದು. ಪಟ್ಟಿಯ ತುದಿಯಲ್ಲಿರುವ ಒಂದೆರಡು ಶೇಕಡಾದ ಹೆಸರುಗಳಿಂದ ವಂಶಾವಳಿ ಕಟ್ಟಲು ಹೋಗಬೇಡಿ. ಪ್ರಯೋಗಾಲಯವು ಡಿಎನ್‌ಎ ತುಣುಕುಗಳನ್ನು ತನ್ನ ಸಂಗ್ರಹದಲ್ಲಿರುವ ನಾಯಿಗಳ ಮಾದರಿಗಳೊಂದಿಗೆ ಮಾತ್ರ ಹೋಲಿಸಬಲ್ಲದು; ಸಂಗ್ರಹದಲ್ಲಿಲ್ಲದ ತಳಿಯ ಜಾಗದಲ್ಲಿ ಅದರ ಹತ್ತಿರದ ಸಂಬಂಧಿಯ ಹೆಸರು ಬಂದು ಕೂರಬಹುದು. ಎರಡು ಕಂಪನಿಗಳ ಉತ್ತರ ಬೇರೆಯಾಗುವುದಕ್ಕೆ ಇದೊಂದು ಮುಖ್ಯ ಕಾರಣ.

ರೂಪ ಹೊಂದುತ್ತಿಲ್ಲವೆಂದು ವರದಿಯನ್ನು ತಳ್ಳಿಹಾಕಬಾರದು. ಡ್ಯಾಶ್‌ಹುಂಡ್, ಬ್ಯಾಸೆಟ್ ಹೌಂಡ್‌ಗಳ ಮೋಟುಗಾಲಿಗೆ ಎಫ್‌ಜಿಎಫ್4 ಜೀನಿನ ಒಂದು ಹೆಚ್ಚುವರಿ ಪ್ರತಿ ಮುಖ್ಯ ಕಾರಣ. ಅದು ಸಿಕ್ಕ ಮರಿ ಉಳಿದೆಲ್ಲ ವಂಶ ಯಾವುದೇ ಆಗಿರಲಿ ಗಿಡ್ಡವಾಗಬಹುದು. ತಳಿಯ ಹೆಸರಿನಿಂದ ಗುಣವನ್ನಳೆಯುವುದು ಇನ್ನೂ ದೊಡ್ಡ ತಪ್ಪು. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, 18 ಸಾವಿರಕ್ಕೂ ಹೆಚ್ಚು ನಾಯಿಗಳ ಸಮೀಕ್ಷೆಯನ್ನು ಆಧರಿಸಿದ ಅಧ್ಯಯನದ ಪ್ರಕಾರ, ನಾಯಿನಾಯಿಗಳ ನಡುವಿನ ವರ್ತನೆಯ ವ್ಯತ್ಯಾಸದಲ್ಲಿ ತಳಿ ವಿವರಿಸುವುದು ಸುಮಾರು ಶೇ 9 ಮಾತ್ರ. ಪಿಟ್‌ಬುಲ್ ಎಂಬ ಹೆಸರು ಕಂಡಿತೆಂದು ಮನೆಯ ನಾಯಿಯನ್ನು ಮರಳಿಸುವವರು ಈ ಅಂಕಿಯನ್ನು ಗಮನಿಸಬೇಕು.

ಬೆಂಗಳೂರಿನ ಬೀದಿಯಿಂದ ನಾಯಿಯನ್ನು ವಿದೇಶಕ್ಕೆ ಕರೆದೊಯ್ದ ಕನ್ನಡಿಗರಿಗೆ ವರದಿಯಲ್ಲಿ ‘ವಿಲೇಜ್ ಡಾಗ್’ ಎಂಬ ಮಾತು ಕಾಣಿಸಬಹುದು. ತಳಿ ಪತ್ತೆಯಾಗಲಿಲ್ಲ ಎಂದು ಅದರ ಅರ್ಥವಲ್ಲ. ಮನುಷ್ಯರು ತಳಿಗಳನ್ನು ರೂಪಿಸುವ ಮೊದಲಿನಿಂದಲೂ ಊರುಕೇರಿಗಳಲ್ಲಿ ತಾವಾಗಿಯೇ ಬೆಳೆದುಬಂದ ನಾಯಿಗಳ ಸಂತತಿ ಅದು. ಅಂಥ ನಾಯಿ ಬೆರಕೆಯೇ ಅಲ್ಲ.