‘ಇಲ್ಲಿ ನೋಡು, ನಗು’ ಅನ್ನುವುದನ್ನು ಬಿಟ್ಟ ಮೇಲೆ

ಮಗಳಿಗೆ ಮೂರು ವರ್ಷ ಇದ್ದಾಗಿನ ಫೋಟೋಗಳನ್ನು ಈಗ ನೋಡಿದರೆ ಎಲ್ಲದರಲ್ಲೂ ಒಂದೇ ಮುಖ. ಹಲ್ಲು ಕಿರಿದು, ಕುತ್ತಿಗೆ ಒಂದು ಕಡೆ ವಾಲಿಸಿ ನಿಂತಿದ್ದಾಳೆ. ಕಣ್ಣು ಮಾತ್ರ ‘ಮುಗೀತಾ ಅಮ್ಮ?’ ಅಂತ ಕೇಳುತ್ತಿದೆ. ತಪ್ಪು ಅವಳದಲ್ಲ. ಫೋನ್ ಎತ್ತಿದ ಕೂಡಲೇ ‘ಇಲ್ಲಿ ನೋಡು, ನಗು’ ಅನ್ನುತ್ತಿದ್ದವಳು ನಾನೇ.

ಆ ಚಟ ಬಿಡಿಸಿದ್ದು ಒಂದು ಫೋಟೋ. ಅವಳು ಅಪ್ಪನ ಹತ್ತಿರ ಷೂ ಲೇಸ್ ಕಟ್ಟಿಸಿಕೊಳ್ಳುತ್ತಾ ನಿಂತಿದ್ದಳು. ನಾನು ಬಾಗಿಲ ಹತ್ತಿರ ಇದ್ದೆ, ಇಬ್ಬರೂ ನನ್ನನ್ನು ಗಮನಿಸಿರಲಿಲ್ಲ. ಸುಮ್ನೆ ಒಂದು ಕ್ಲಿಕ್ ಮಾಡಿದೆ. ಬಿದ್ದುಬಿಟ್ಟೇನು ಅಂತ ಅವಳು ಅಪ್ಪನ ಕೂದಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಾಳೆ. ಇನ್ನೊಂದು ಷೂ ಮಗುಚಿ ಬಿದ್ದಿದೆ. ಯಾರ ಮುಖವೂ ನೆಟ್ಟಗೆ ಕಾಣುವುದಿಲ್ಲ. ಆದರೂ ಆ ವರ್ಷದ್ದರಲ್ಲಿ ನಾನು ಮತ್ತೆ ಮತ್ತೆ ತೆಗೆದು ನೋಡುವುದು ಅದೊಂದನ್ನೇ.

ಆಮೇಲೆ ನಾನು ಮಾಡಿದ ಮೊದಲ ಕೆಲಸ, ಫೋನಿನ ಕ್ಲಿಕ್ ಸದ್ದು ಆಫ್ ಮಾಡಿದ್ದು. ಸದ್ದಾದರೆ ಮಕ್ಕಳು ತಿರುಗಿ ನೋಡುತ್ತಾರೆ, ತಿರುಗಿದ ಮೇಲೆ ಅಲ್ಲಿ ಏನೂ ಉಳಿದಿರುವುದಿಲ್ಲ. ಎರಡನೆಯದು, ನೆಲದ ಮೇಲೆ ಕೂರುವುದು. ನಿಂತು ತೆಗೆದರೆ ಸಿಗುವುದು ನೆತ್ತಿ ಮತ್ತು ಮೂಗಿನ ತುದಿ. ಅವಳ ಕಣ್ಣಿನ ಎತ್ತರಕ್ಕೆ ಇಳಿದರೆ ಮೇಜಿನ ಕೆಳಗಿನ ಅವಳ ಲೋಕವೂ ಚೌಕಟ್ಟಿನೊಳಗೆ ಬರುತ್ತದೆ. ಮೊಣಕಾಲು ನೋಯುತ್ತದೆ, ಅದು ಬೇರೆ ಮಾತು.

ಬೆಳಕಿನ ವಿಷಯ ಅರ್ಥವಾಗಲು ಜಾಸ್ತಿ ದಿನ ಹಿಡಿಯಿತು. ಮನೆಯೊಳಗೆ ಫೋಟೋ ತೆಗೆಯಬೇಕು ಅಂದರೆ ನಾನು ಎಲ್ಲ ಲೈಟ್ ಹಾಕುತ್ತಿದ್ದೆ. ಕಿಟಕಿಯಿಂದ ಬರುವ ಬೆಳಕು ಸ್ವಲ್ಪ ನೀಲಿ, ಬಲ್ಬಿನದು ಹಳದಿ. ಎರಡೂ ಸೇರಿದರೆ ಕೆನ್ನೆ ಒಂದು ಬಣ್ಣ, ಹಣೆ ಇನ್ನೊಂದು ಬಣ್ಣ. ಈಗ ಹಗಲಲ್ಲಿ ಮೊದಲು ಲೈಟ್ ಆರಿಸುತ್ತೇನೆ. ಕಿಟಕಿ ಮಗುವಿನ ಪಕ್ಕಕ್ಕೆ ಬಂದರೆ ಮುಖದ ಒಂದು ಕಡೆ ಬೆಳಕು, ಒಂದು ಕಡೆ ಮೆತ್ತನೆಯ ನೆರಳು. ಆದರೆ ಮಗುವನ್ನು ಕಿಟಕಿ ಹತ್ತಿರ ಕರೆದರೆ ಮತ್ತೆ ಅದೇ ಹಲ್ಲು ಕಿರಿಯುವ ಕಥೆ, ಅಲ್ವಾ? ಅದಕ್ಕೇ ಅವಳು ಚಿತ್ರ ಬರೆಯುವ ಮೇಜನ್ನೇ ಕಿಟಕಿ ಪಕ್ಕಕ್ಕೆ ಸರಿಸಿದೆ. ನನ್ನ ಅರ್ಧ ಒಳ್ಳೆಯ ಫೋಟೋಗಳು ಆ ಮೇಜಿನ ಕೃಪೆ.

ಮಗ ಹುಟ್ಟಿದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತೆಗೆದುಕೊಂಡೆ. ಜೊತೆಗೆ ಎಲ್ಲರೂ ಹೊಗಳುವ 50 ಎಂಎಂ ಲೆನ್ಸ್. ಈ ಅಂಕಿ ದೊಡ್ಡದಾದಷ್ಟೂ ಚೌಕಟ್ಟಿನೊಳಗೆ ಸಿಗುವ ಜಾಗ ಕಡಿಮೆ. ನನ್ನದು ಬೆಳಕು ಹಿಡಿಯುವ ಸಣ್ಣ ಸೆನ್ಸರ್‌ನ ಕ್ಯಾಮೆರಾ, ಅದರಲ್ಲಿ 50 ಅಂದರೆ ಸುಮಾರು 75 ಎಂಎಂ ಇದ್ದ ಹಾಗೆ. ಹಿಂದೆ ಸರಿಯುತ್ತಾ ಸರಿಯುತ್ತಾ ಬೆನ್ನು ಗೋಡೆಗೆ ತಾಗಿದರೂ ಇಬ್ಬರು ಮಕ್ಕಳು ಒಂದು ಚೌಕಟ್ಟಿನಲ್ಲಿ ಹಿಡಿಸುತ್ತಿರಲಿಲ್ಲ. ಕೊನೆಗೆ ಅದನ್ನು ಕೊಟ್ಟು 35 ಎಂಎಂ ತಂದೆ. ಆಟೋ ಮೋಡ್ ಸಂಜೆ ಹೊತ್ತು ಶಟರ್ ಅನ್ನು, ಅಂದರೆ ಬೆಳಕು ಒಳಬಿಡುವ ಪರದೆಯ ವೇಗವನ್ನು, 1/60 ಸೆಕೆಂಡಿಗೆ ಇಳಿಸಿಬಿಡುತ್ತಿತ್ತು, ಮಕ್ಕಳ ಕೈಯೆಲ್ಲ ಅಲುಗಿ ಹೋಗುತ್ತಿತ್ತು. ಈಗ ಕೂತು ಆಡುವಾಗ 1/250, ಓಡುವಾಗ 1/500 ಅಂತ ನಾನೇ ಇಡುತ್ತೇನೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 3200ಕ್ಕೆ ಏರಿ ಚಿತ್ರ ಮರಳು ಮರಳಾದರೂ ಪರವಾಗಿಲ್ಲ. ಮರಳನ್ನು ಕಣ್ಣು ಒಪ್ಪಿಕೊಳ್ಳುತ್ತದೆ, ಅಲುಗಿದ ಮುಖವನ್ನು ಒಪ್ಪುವುದಿಲ್ಲ. ರಾತ್ರಿ ಎಲ್‌ಇಡಿ ಕೆಳಗೆ ಒಂದೊಂದು ಸಲ ಚಿತ್ರದ ಮೇಲೆ ಕಪ್ಪು ಪಟ್ಟಿ ಬರುತ್ತಿತ್ತು. ಕ್ಯಾಮೆರಾ ಕೆಟ್ಟಿತು ಅಂದುಕೊಂಡೆ. ಅದು ದೀಪದ ಮಿಣುಕು. 50 ಹರ್ಟ್ಸ್ ಕರೆಂಟಿನಲ್ಲಿ ಕೆಲವು ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಶಟರ್ 1/100ಕ್ಕೆ ಇಳಿಸಿದರೆ ಪಟ್ಟಿ ಮಾಯ.

ಇಷ್ಟೆಲ್ಲ ಹೇಳಿದರೂ ಮುಕ್ಕಾಲು ಪಾಲು ಫೋಟೋ ಫೋನಿನವೇ. ಕೈಗೆ ಸಿಗುವುದು ಅದೇ ತಾನೇ. ತೆಗೆಯುವ ಮೊದಲು ಲೆನ್ಸ್ ಒರೆಸುತ್ತೇನೆ, ಏಕೆಂದರೆ ತಾಯಿಯ ಫೋನಿನ ಮೇಲೆ ಮಕ್ಕಳ ಬೆರಳಿನ ಜಿಡ್ಡು ಇದ್ದೇ ಇರುತ್ತದೆ. ಎರಡು ಬೆರಳಲ್ಲಿ ಎಳೆದು ಜೂಮ್ ಮಾಡುವುದಿಲ್ಲ, ಎದ್ದು ಎರಡು ಹೆಜ್ಜೆ ಹತ್ತಿರ ಹೋಗುತ್ತೇನೆ.

ಮೊದಲೆಲ್ಲ ಫೋಟೋಗೆ ಮುಂಚೆ ಹಿಂದಿದ್ದ ಬಟ್ಟೆ ರಾಶಿ, ಆಟದ ಸಾಮಾನು ಎಲ್ಲ ಕಾಲಲ್ಲೇ ಪಕ್ಕಕ್ಕೆ ತಳ್ಳುತ್ತಿದ್ದೆ. ಒಂದು ದಿನ ಹಳೆಯ ಫೋಟೋ ಒಂದು ಕಣ್ಣಿಗೆ ಬಿತ್ತು. ಮಗಳು ನೆಲದ ಮೇಲೆ ನಿದ್ದೆ ಹೋಗಿದ್ದಾಳೆ. ನಾನು ನೋಡಿದ್ದು ಅವಳನ್ನಲ್ಲ, ಹಿಂದಿನ ಗೋಡೆಯನ್ನು. ಅದರ ತುಂಬ ಅವಳು ಗೀಚಿದ ನೇರಳೆ ಬಣ್ಣದ ಸುರುಳಿಗಳು. ಕೆಳಗೆ ದಟ್ಟವಾಗಿ, ಅವಳ ಕೈ ಎಟಕುವಷ್ಟು ಎತ್ತರಕ್ಕೆ ಹೋಗಿ ತಟ್ಟನೆ ನಿಂತಿವೆ. ಆ ಗೋಡೆಗೆ ಬಣ್ಣ ಹೊಡೆಸಿ ಎಷ್ಟೋ ದಿನವಾಗಿತ್ತು. ಆಗ ಅವಳು ಎಷ್ಟು ಎತ್ತರ ಇದ್ದಳು ಅನ್ನುವುದಕ್ಕೆ ಈಗ ಉಳಿದಿರುವ ಗುರುತು ಅದೊಂದೇ. ಅಂದಿನಿಂದ ರಾಶಿ ಇದ್ದಲ್ಲೇ ಇರುತ್ತದೆ. ಅತ್ತೆಗೆ ಮಾತ್ರ ಇದು ಇಂದಿಗೂ ಸಮಾಧಾನವಿಲ್ಲ. ‘ಮನೆ ಇಷ್ಟು ಹರಡಿದೆ ಅಂತ ಊರಿಗೆಲ್ಲ ತೋರಿಸ್ಬೇಕಾ?’ ಅನ್ನುತ್ತಾರೆ.

ಊರಿಗೆ ತೋರಿಸುವುದಿಲ್ಲ, ಅದೂ ಒಂದು ಪೆಟ್ಟು ತಿಂದು ಕಲಿತದ್ದೇ. ಮಗಳು ಆರು ವರ್ಷದವಳಿದ್ದಾಗ ಒಮ್ಮೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಕಿಟಕಿ ಬೆಳಕು ಎಷ್ಟು ಚೆನ್ನಾಗಿತ್ತೆಂದರೆ ನಾನು ಕ್ಯಾಮೆರಾ ಎತ್ತಿದೆ. ‘ನಾನು ಅಳ್ತಾ ಇದೀನಿ, ನೀನು ಫೋಟೋ ತೆಗೀತಿದೀಯ’ ಅಂದಳು. ಕೋಪದಿಂದ ಅಲ್ಲ, ಸುಮ್ನೆ ಅಂದಳು. ಅದೇ ಜಾಸ್ತಿ ನೋವಾಯಿತು. ಈಗ ಅಳು ಬಂದರೆ ಕ್ಯಾಮೆರಾ ಕೆಳಗೆ. ಸ್ನಾನದ ಫೋಟೋ ಇಲ್ಲ. ನೆಂಟರ ಗುಂಪಿಗೆ ಕಳಿಸುವ ಮುಂಚೆ ಅವಳನ್ನು ಕೇಳುತ್ತೇನೆ, ಬೇಡ ಅಂದರೆ ಬೇಡ. ಕಳಿಸುವಾಗ ಫೋಟೋದಲ್ಲಿ ಅಡಗಿರುವ ಲೊಕೇಶನ್ ತೆಗೆದು ಕಳಿಸುತ್ತೇನೆ.

ಇನ್ನೊಂದು ಪೆಟ್ಟು ಹಾರ್ಡ್ ಡಿಸ್ಕಿನದು. 14 ತಿಂಗಳ ಫೋಟೋ ಒಂದೇ ಡಿಸ್ಕಿನಲ್ಲಿತ್ತು, ಒಂದು ಬೆಳಿಗ್ಗೆ ಟಿಕ್ ಟಿಕ್ ಅಂತ ಸದ್ದು ಮಾಡಿ ನಿಂತುಹೋಯಿತು. ಮಗ ಅಂಬೆಗಾಲಿಡುತ್ತಿದ್ದ ದಿನಗಳು ನನ್ನ ಹತ್ತಿರ ಇರುವುದು ಪ್ರಿಂಟ್ ಹಾಕಿಸಿದ್ದ ಹನ್ನೊಂದು ಫೋಟೋಗಳಲ್ಲಿ ಮಾತ್ರ. ಈಗ ಎರಡು ಡಿಸ್ಕು, ಕ್ಲೌಡಿನಲ್ಲಿ ಇನ್ನೊಂದು ಪ್ರತಿ. ತಿಂಗಳ ಕೊನೆಗೆ ಕೂತು ಒಂದೇ ಥರದವನ್ನೆಲ್ಲ ಅಳಿಸಿ ಹತ್ತನ್ನು 4x6 ಅಳತೆಯಲ್ಲಿ ಪ್ರಿಂಟ್ ಹಾಕಿಸುತ್ತೇನೆ. ಅಳಿಸುವಾಗ ಕೈ ಬರುವುದಿಲ್ಲ, ಆದರೆ ನಲವತ್ತು ಇದ್ದರೆ ಯಾರೂ ನೋಡುವುದಿಲ್ಲ.

ಹಾಗೆ ಆರಿಸುತ್ತಾ ಕೂತಾಗಲೇ ಗೊತ್ತಾಗಿದ್ದು, ಯಾವುದರಲ್ಲೂ ನಾನಿಲ್ಲ. ಟೈಮರ್ ಇಟ್ಟು ನೋಡಿದೆ, ಹತ್ತು ಸೆಕೆಂಡಿನಲ್ಲಿ ಓಡಿ ಬಂದು ನಾನೇ ಹಲ್ಲು ಕಿರಿಯುತ್ತಿದ್ದೆ. ಕೊನೆಗೆ ಕ್ಯಾಮೆರಾವನ್ನು ಮಗಳ ಕೈಗೆ ಕೊಟ್ಟೆ, ಬೆಲ್ಟು ಕುತ್ತಿಗೆಗೆ ಹಾಕಿಕೊಳ್ಳಬೇಕು ಅನ್ನುವುದು ಒಂದೇ ಷರತ್ತು. 1894ರಲ್ಲಿ ಹುಟ್ಟಿದ ಫ್ರಾನ್ಸಿನ ಝಾಕ್ ಆನ್ರಿ ಲಾರ್ತೀಗ್ ಚಿಕ್ಕ ಹುಡುಗನಾಗಿದ್ದಾಗಲೇ ತನ್ನ ಮನೆಯವರು ಓಡುವುದು, ಹಾರುವುದು ಎಲ್ಲವನ್ನೂ ಫೋಟೋ ಹಿಡಿದವನು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವನ್ನು ಪ್ರದರ್ಶನಕ್ಕಿಟ್ಟದ್ದು 1963ರಲ್ಲಿ, ಅವನಿಗೆ ಎಪ್ಪತ್ತು ಹತ್ತಿರವಾದಾಗ. ನಮ್ಮವಳು ಅಷ್ಟು ದೂರ ಹೋಗುವುದು ಬೇಡ, ಅಮ್ಮನನ್ನು ತೆಗೆದರೆ ಸಾಕು ಅಂದುಕೊಂಡೆ.

ತೆಗೆದಳು. ನಾನು ಸೊಂಟದ ಮೇಲೆ ಕೈಯಿಟ್ಟು, ಮಡಚದ ಬಟ್ಟೆ ರಾಶಿಯ ಮುಂದೆ ನಿಂತಿದ್ದೇನೆ. ಕೂದಲು ಬಿಚ್ಚಿಹೋಗಿದೆ. ಕೆಳಗಿನಿಂದ ತೆಗೆದದ್ದರಿಂದ ಗಲ್ಲವೇ ದೊಡ್ಡದು, ಹಣೆ ಅರ್ಧ ಕತ್ತರಿಸಿ ಹೋಗಿದೆ.

‘ಅಮ್ಮ, ಇಲ್ಲಿ ನೋಡು ಅಂತ ಒಂದು ಮಾತು ಹೇಳ್ಬಾರ್ದಿತ್ತಾ?’ ಅಂದೆ.

‘ಹೇಳಿದ್ರೆ ನೀನು ನಗ್ತಿದ್ದೆ’ ಅಂದಳು.