ಕೆನಡಾ ಸ್ಟಡಿ ವೀಸಾ ರಿಜೆಕ್ಟ್ ಆದರೆ ಕೋರ್ಟಿಗೆ ಹೋಗುವುದು ಹೇಗೆ?

ಕೆನಡಾದಿಂದ ಬರುವ ರಿಜೆಕ್ಷನ್ ಪತ್ರಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಓದು ಮುಗಿಸಿ ನೀವು ಊರಿಗೆ ಮರಳುತ್ತೀರಿ ಎಂಬ ನಂಬಿಕೆ ಬರಲಿಲ್ಲ, ತೋರಿಸಿದ ಹಣ ಸಾಲದು. ನಾಲ್ಕು ಸಾಲಿನಲ್ಲಿ ಮುಗಿಯಿತು. ಕಾಸರಗೋಡಿನ ಬದಿಯಡ್ಕದಲ್ಲೋ ಪೆರ್ಲದಲ್ಲೋ ಇರುವ ಮನೆಯವರು ಮರುದಿನವೇ ಏಜೆಂಟ್ ಹತ್ತಿರ ಓಡುತ್ತಾರೆ. ‘ಇನ್ನೊಮ್ಮೆ ಹಾಕುವ’ ಎಂದು ಆತ ಹೇಳುತ್ತಾನೆ. ಅದೊಂದೇ ದಾರಿಯಲ್ಲ. ಕೆನಡಾದ ಫೆಡರಲ್ ಕೋರ್ಟಿನಲ್ಲಿ ಆ ತೀರ್ಮಾನವನ್ನು ಪ್ರಶ್ನಿಸಬಹುದು, ಅದಕ್ಕೆ ವಿಮಾನ ಹತ್ತಬೇಕಾಗಿಲ್ಲ.

ಒಂದು ಮಾತು ಮೊದಲೇ ಗೊತ್ತಿರಲಿ. ಈ ಕೋರ್ಟು ನಿಮಗೆ ವೀಸಾ ಕೊಡುವುದಿಲ್ಲ. ಅಧಿಕಾರಿ ತೀರ್ಮಾನ ಮಾಡಿದ ರೀತಿ ಸರಿಯಿತ್ತೇ, ನಿಮ್ಮ ಕಾಗದಗಳನ್ನು ನಿಜವಾಗಿ ನೋಡಿದ್ದರೇ ಎಂದಷ್ಟೇ ಪರಿಶೀಲಿಸುತ್ತದೆ. ಆಗ ಕೊಡದ ದಾಖಲೆಯನ್ನು ಈಗ ತಂದಿಟ್ಟರೆ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ.

ಮೊದಲು ದಿನ ಎಣಿಸಿ

ಕೆನಡಾದ ಹೊರಗೆ ಆದ ತೀರ್ಮಾನಕ್ಕೆ 60 ದಿನದ ಗಡುವು. ಕೆನಡಾದೊಳಗೇ ಆಗಿದ್ದರೆ ಬರೀ 15. ವಿಷಯ ನಿಮಗೆ ತಿಳಿದ ದಿನದಿಂದ ಲೆಕ್ಕ. ನಮ್ಮಲ್ಲಿ ಎಡವಟ್ಟಾಗುವುದು ಇಲ್ಲೇ. ಅರ್ಜಿಯ ಲಾಗಿನ್, ಪಾಸ್‌ವರ್ಡ್ ಎಲ್ಲ ಏಜೆಂಟ್ ಕೈಯಲ್ಲಿ. ಪತ್ರ ಅವನ ಇಮೇಲ್‌ಗೆ ಬಂದು ಮೂರು ವಾರ ಆದ ಮೇಲೆ ‘ಆಗಲಿಲ್ಲ ಮಾರಾಯ್ರೆ’ ಎಂದು ಫೋನ್ ಬರುತ್ತದೆ. ಅವನಿಗೆ ಬಂದ ದಿನವನ್ನೇ ನಿಮಗೆ ಬಂದ ದಿನ ಎಂದು ಹಿಡಿಯುವ ಅಪಾಯ ಇದೆ. ಹಾಗಾಗಿ ಅರ್ಜಿ ಹಾಕುವಾಗಲೇ ನಿಮ್ಮದೇ ಇಮೇಲ್ ಕೊಡಿ, ಪಾಸ್‌ವರ್ಡ್ ನಿಮ್ಮ ಹತ್ತಿರವೂ ಇರಲಿ.

ಅಧಿಕಾರಿಯ ಟಿಪ್ಪಣಿ ಓದಿ

ನಿಜವಾದ ಕಾರಣ ಇರುವುದು ಪತ್ರದಲ್ಲಲ್ಲ, ಅಧಿಕಾರಿ ಕಂಪ್ಯೂಟರಿನಲ್ಲಿ ಬರೆದಿಟ್ಟ ಟಿಪ್ಪಣಿಯಲ್ಲಿ. 2025ರ ಜುಲೈಯಿಂದ ಕೆಲವು ಬಗೆಯ ಅರ್ಜಿಗಳಿಗೆ ಪತ್ರದ ಜೊತೆಗೇ ಅದನ್ನು ಕಳಿಸಲು ಶುರು ಮಾಡಿದ್ದಾರೆ. ಬಂದಿಲ್ಲವಾದರೆ ಕೇಳಿ ಪಡೆಯಬಹುದು. 2022ರಿಂದ ಕೆನಡಾದ ಹೊರಗಿರುವ ವಿದೇಶಿಯರೂ ತಮ್ಮ ಬಗ್ಗೆ ಇರುವ ಮಾಹಿತಿಯನ್ನು ಅಲ್ಲಿನ ಪ್ರೈವೆಸಿ ಆ್ಯಕ್ಟ್ ಅಡಿ ನೇರವಾಗಿ ಕೇಳಬಹುದು. ಅದು ಕೈಗೆ ಬರಲಿ ಎಂದು ಕಾಯುತ್ತಾ 60 ದಿನ ಮಾತ್ರ ಕಳೆಯಬೇಡಿ.

ತಪ್ಪು ಯಾರದ್ದು?

ಇಡೀ ಕೇಸು ನಿಲ್ಲುವುದು ಈ ಪ್ರಶ್ನೆಯ ಮೇಲೆ. ಸ್ವಲ್ಪ ನಿಧಾನವಾಗಿ ನೋಡೋಣ.

ಎಣ್ಮಕಜೆಯ ಒಂದು ಅಡಿಕೆ ತೋಟದ ಮನೆ ಎಂದಿಟ್ಟುಕೊಳ್ಳಿ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಹಾಗಾಗಿ ಅಪ್ಪನ ಹೆಸರಲ್ಲಿ ರಿಟರ್ನ್ ಇಲ್ಲ. ಹಣ ಸಹಕಾರಿ ಬ್ಯಾಂಕಿನ ಎಫ್‌ಡಿಯಲ್ಲಿದೆ. ಅಡಿಕೆ ಮಾರಿದಾಗ ಖಾತೆಗೆ ಒಟ್ಟಿಗೆ ದೊಡ್ಡ ಮೊತ್ತ ಬೀಳುತ್ತದೆ. ದೂರದಲ್ಲಿ ಕೂತ ಅಧಿಕಾರಿಗೆ ಇದು ‘ಎಲ್ಲಿಂದಲೋ ಬಂದ ಹಣ’ದಂತೆ ಕಾಣುತ್ತದೆ.

ನೀವು ಮಾರಾಟದ ಬಿಲ್ಲು, ತೋಟದ ದಾಖಲೆ, ಒಂದು ವಿವರಣೆ ಪತ್ರ ಎಲ್ಲ ಕೊಟ್ಟಿದ್ದೀರಿ. ಟಿಪ್ಪಣಿಯಲ್ಲಿ ಅದರ ಸುದ್ದಿಯೇ ಇಲ್ಲ. ಆಗ ಕೇಸಿಗೆ ಬಲ ಇದೆ. ಕಾರಣ ಚಿಕ್ಕದಾಗಿದ್ದರೂ ಪರವಾಗಿಲ್ಲ, ಆದರೆ ಮುಂದಿದ್ದ ಸಾಕ್ಷ್ಯಕ್ಕೆ ಹೊಂದಿಕೊಂಡಿರಬೇಕು. ಕೆನಡಾದ ಸುಪ್ರೀಂ ಕೋರ್ಟ್ 2019ರ ವಾವಿಲೋವ್ ತೀರ್ಪಿನಲ್ಲಿ ಹಾಕಿಕೊಟ್ಟ ಅಳತೆ ಇದೇ.

ಬಿಲ್ಲನ್ನೇ ಕೊಡದೆ ‘ಹಣ ಇದೆಯಲ್ಲಾ’ ಎಂದು ಸುಮ್ನೆ ಕೂತಿದ್ದರೆ? ಆಗ ಕೋರ್ಟಿನ ದಾರಿ ಬೇಡ. ದಾಖಲೆ ಸಾಲದು ಎನ್ನುವ ಮೊದಲು ನಿಮ್ಮನ್ನು ಕೇಳುವ ಹೊಣೆ ಅಧಿಕಾರಿಗಿಲ್ಲ. ಹೊಸ ಅರ್ಜಿಯೇ ಅಗ್ಗ.

ಇನ್ನೊಂದು ಸಂದರ್ಭ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಹೆಸರಿನ ಮುಂದೆ ಬರೀ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಉದ್ದದ ಮನೆ ಹೆಸರು. ಇದು ಅಸಲಿಯೇ ಎಂಬ ಗುಮಾನಿ ಅಧಿಕಾರಿಗೆ ಬಂತು. ನಿಮ್ಮನ್ನು ಕೇಳದೆ ರಿಜೆಕ್ಟ್ ಮಾಡಿದರು. ಇದು ಬೇರೆಯೇ ವಿಷಯ. ದಾಖಲೆಯ ಸಾಚಾತನವನ್ನೋ ನಿಮ್ಮ ಪ್ರಾಮಾಣಿಕತೆಯನ್ನೋ ಶಂಕಿಸಿದರೆ, ನಿಮಗೆ ಗೊತ್ತಿಲ್ಲದ ಹೊರಗಿನ ಮಾಹಿತಿಯನ್ನು ನಂಬಿದರೆ, ಉತ್ತರ ಹೇಳಲು ಅವಕಾಶ ಕೊಡಬೇಕು. ನ್ಯಾಯಯುತ ವಿಧಾನ ಎಂದರೆ ಇದು. ಎಷ್ಟರ ಮಟ್ಟಿನ ಅವಕಾಶ ಎಂಬುದು ಸಂದರ್ಭದ ಮೇಲೆ ಹೋಗುತ್ತದೆ ಎಂದು ಅದೇ ಸುಪ್ರೀಂ ಕೋರ್ಟಿನ 1999ರ ಬೇಕರ್ ತೀರ್ಪು ಹೇಳಿದೆ. ವಿದ್ಯಾರ್ಥಿ ವೀಸಾದಲ್ಲಿ ಅದು ಕೆಳಗಿನ ಮಟ್ಟದ್ದೇ, ಆದರೆ ಇಲ್ಲವೇ ಇಲ್ಲ ಎಂದಲ್ಲ.

ಹಾಗೆ ಕೇಳಿ ಪತ್ರ ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಸುಳ್ಳು ಮಾಹಿತಿ ಕೊಟ್ಟಿದ್ದೀರಿ ಎಂದು ತೀರ್ಮಾನವಾದರೆ 5 ವರ್ಷ ಕೆನಡಾಕ್ಕೆ ಬಾಗಿಲು ಮುಚ್ಚಿದ ಹಾಗೆ.

ಅರ್ಜಿ ಹಾಕುವುದು

ಕೋರ್ಟಿನ ಶುಲ್ಕ 50 ಕೆನಡಾ ಡಾಲರ್. ಖರ್ಚು ಬರುವುದು ವಕೀಲರಿಗೆ. ನೀವೇ ವಾದಿಸಲು ಅಡ್ಡಿಯಿಲ್ಲ. ಆದರೆ ಇಮಿಗ್ರೇಷನ್ ಕನ್ಸಲ್ಟೆಂಟ್, ಅವರು ಎಷ್ಟೇ ಲೈಸೆನ್ಸ್ ತೋರಿಸಲಿ, ಫೆಡರಲ್ ಕೋರ್ಟಿನಲ್ಲಿ ನಿಮ್ಮ ಪರ ನಿಲ್ಲುವಂತಿಲ್ಲ. ಅಲ್ಲಿನ ವಕೀಲರೇ ಬೇಕು.

ಮಾಮೂಲು ದಾರಿಯಲ್ಲಿ ಮೊದಲು ಕೋರ್ಟಿನ ಅನುಮತಿ, ಸಿಕ್ಕಿದರೆ ವಿಚಾರಣೆ. ಸ್ಟಡಿ ಪರ್ಮಿಟ್ (ನಾವು ಸ್ಟಡಿ ವೀಸಾ ಎನ್ನುವ ಓದಿನ ಅನುಮತಿ) ಕೇಸುಗಳಿಗೆಂದೇ 2024ರ ಅಕ್ಟೋಬರಿನಲ್ಲಿ ಕೋರ್ಟು ಪ್ರಾಯೋಗಿಕವಾಗಿ ಒಂದು ಸರಳ ದಾರಿ ತೆರೆಯಿತು. ಸರಕಾರವೂ ಒಪ್ಪಿದರೆ ಎರಡೂ ಒಟ್ಟಿಗೆ, ಕಾಗದದ ಮೇಲೆಯೇ ತೀರ್ಮಾನ. ಸುಮಾರು 5 ತಿಂಗಳಲ್ಲಿ ಮುಗಿಸುವುದು ಗುರಿ. ಕೇಸು ಗಟ್ಟಿ ಇದ್ದರೆ ಕೆಲವೊಮ್ಮೆ ಸರಕಾರದ ವಕೀಲರೇ ‘ಮತ್ತೆ ನೋಡುತ್ತೇವೆ’ ಎಂದು ರಾಜಿಗೆ ಬರುತ್ತಾರೆ.

ಅಫಿಡವಿಟ್ ಇಲ್ಲಿಯೇ ಮಾಡಿಸಬಹುದು, ನೋಟರಿ ಮುಂದೆ ಸಹಿ ಹಾಕಿ. ಅಪ್ಪನಿಗೆ ಇಂಗ್ಲಿಷ್ ಬಾರದಿದ್ದರೆ ಅದನ್ನು ಕನ್ನಡದಲ್ಲಿ ಓದಿ ತಿಳಿಸಿದವರೂ ಪ್ರಮಾಣ ಮಾಡಬೇಕು.

ಗೆದ್ದರೆ?

ಫೈಲು ಇನ್ನೊಬ್ಬ ಅಧಿಕಾರಿಗೆ ಹೋಗುತ್ತದೆ. ಅವರೂ ಬೇಡ ಎನ್ನಬಹುದು, ಸರಿಯಾದ ಕಾರಣ ಕೊಟ್ಟು. ಅಷ್ಟರಲ್ಲಿ ಕಾಲೇಜು ಶುರುವಾಗಿರುತ್ತದೆ ಅಲ್ವಾ? ಹೊಸ ಪ್ರವೇಶ ಪತ್ರ, ಹೊಸ ಬ್ಯಾಂಕ್ ದಾಖಲೆ ಸೇರಿಸಲು ಅವಕಾಶ ಕೇಳಿ. 2025ರ ಸೆಪ್ಟೆಂಬರಿನಿಂದ ಒಬ್ಬರ ಒಂದು ವರ್ಷದ ಖರ್ಚಿಗೆ ತೋರಿಸಬೇಕಾದ್ದು 22,895 ಡಾಲರ್, ಫೀಸು ಬೇರೆ. ಹಳೇ ಮೊತ್ತ ಸಾಲದು.

ವಿಲ್ಲೇಜ್ ಆಫೀಸಿನ ಆದಾಯ ಸರ್ಟಿಫಿಕೇಟ್ ಮಲಯಾಳದಲ್ಲಿದ್ದರೆ ಇಂಗ್ಲಿಷ್ ಅನುವಾದದ ಜೊತೆ ಅನುವಾದಕರ ಅಫಿಡವಿಟ್ ಇಡಿ. ಮನೆಯವರು ಅನುವಾದ ಮಾಡುವಂತಿಲ್ಲ, ಅಣ್ಣ ಇಂಗ್ಲಿಷ್ ಲೆಕ್ಚರರ್ ಆಗಿದ್ದರೂ ಅಷ್ಟೇ.